‘ಎರಡ ರೊಟ್ಟಿ ಉಂಡಾನ’

ಅಣ್ಣನ ಎದುರಿಗೆ ಕೂತು, ಅವನ ಗಂಗಾಳದಲ್ಲೇ ಕೈಯಿಟ್ಟು ಉಣ್ಣಬೇಕೆಂದು ಅವ್ವ ನನಗೆ ಹೇಳಿದ್ದಳು. ನಾನು ಉಣ್ಣಲಿಲ್ಲ. ಒಂದೆರಡು ದಿನವಲ್ಲ, ಹೊಲದಲ್ಲಿ ಎಳೆ ತೆನೆ ಸುಟ್ಟು ತಿನ್ನುವ ಸೀತನಿಯ ಕಾಲದಿಂದ ಜೋಳದ ರಾಶಿಯಾಗುವವರೆಗೂ ಉಣ್ಣಲಿಲ್ಲ. ಅಣ್ಣನೂ ಉಣ್ಣಲಿಲ್ಲ. ಇಬ್ಬರೂ ಉಂಡೆವೆಂದು ದಿನಾಲು ಅವ್ವನಿಗೆ ಹೇಳಿದೆ. ಆಗ ನನಗೆ ಹತ್ತು ವರ್ಷವಿದ್ದೀತು. ಸಣ್ಣವಳು, ಅವಳಿಗೇನು ತಿಳಿಯುತ್ತದೆ ಎಂದು ಯಾರಾದರೂ ನನ್ನ ಪರವಾಗಿ ಹೇಳಬಹುದು. ನನಗೆ ತಿಳಿಯುತ್ತಿತ್ತು. ತಿಳಿಯದಿದ್ದರೆ ಆ ಗಂಗಾಳವನ್ನು ಬೂದಿ ಹಚ್ಚಿ ತೊಳೆದು ತರುತ್ತಿರಲಿಲ್ಲ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಕಾಗದ ಬರೆಯುವಷ್ಟು ಅಕ್ಷರ ಮಾತ್ರ ಕೈಯಲ್ಲಿ ಉಳಿದಿದೆ. ಬೇರೆ ಸಂಗತಿಗಳಲ್ಲಿ ಹೆಚ್ಚುಕಡಿಮೆಯಾದರೆ ಆಗಲಿ, ಇದೊಂದನ್ನು ಆದದ್ದು ಆದ ಹಾಗೆಯೇ ಬರೆಯಬೇಕೆಂದಿದ್ದೇನೆ.

ನಮ್ಮ ಮನೆ ತಿಕೋಟಾದಲ್ಲಿತ್ತು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಬೆಳಕಿಗೆಂದು ಮಾಳಿಗೆಯಲ್ಲೊಂದು ಕಿಂಡಿ. ತಲೆಬಾಗಿಲು ದಾಟಿದ ಕೂಡಲೇ ಎಡಕ್ಕೆ ಎತ್ತು ಕಟ್ಟುವ ಜಾಗ, ಬಲಕ್ಕೆ ಮೊಳದೆತ್ತರದ ಪಡಸಾಲೆ. ಅಪ್ಪನ ಅಪ್ಪ, ನಮ್ಮ ಮುತ್ಯಾ, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ದಿನವಿಡೀ ಅಲ್ಲೇ ಕೂತಿರುತ್ತಿದ್ದ. ಒಳಗೆ ಕತ್ತಲೆಯ ಅಡಿಗೆಮನೆ. ಅದರ ಹಿಂದಿನ ಬಾಗಿಲಿನಿಂದ ಇಳಿದರೆ ಹಿತ್ತಿಲು. ಹಿತ್ತಿಲಲ್ಲಿ ಎಮ್ಮೆಯ ಗೂಟ, ಮತ್ತು ದನಗಳ ಮೇವಿಗೆ ಹೊಟ್ಟು ತುಂಬಿಡುವ ಒಂದು ಕೋಣೆ. ಅವ್ವ ಮುತ್ಯಾನ ಎದುರಿಗೆ ಬರುತ್ತಿರಲಿಲ್ಲ, ಅವನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಸೊಸೆಯಾದವಳು ಮಾವನಿಗೆ ಏನಾದರೂ ಹೇಳಬೇಕಾದರೆ ಮನೆಯ ಮಗುವಿನ ಹೆಸರು ಹಿಡಿದು ಹೇಳುವುದು ನಮ್ಮಲ್ಲಿ ರೂಢಿ. ನಮ್ಮ ಮನೆಯಲ್ಲಿ ಆ ಮಗು ನಾನು. ಅವ್ವ ಬಾಗಿಲ ಮರೆಯಲ್ಲಿ ನಿಂತು ಅನ್ನುತ್ತಿದ್ದಳು:

“ನೀಲಾ, ಎಣ್ಣಿ ತೀರೇತಿ ಅಂತ ಮುತ್ಯಾಗ ಹೇಳ.”

ನಾಲ್ಕು ಹೆಜ್ಜೆ ದೂರ ಕೂತ ಮುತ್ಯಾನಿಗೆ ಅದು ಚೆನ್ನಾಗಿ ಕೇಳಿಸಿರುತ್ತಿತ್ತು. ಆದರೂ ನಾನು ಹೋಗಿ ಇನ್ನೊಮ್ಮೆ ಹೇಳಬೇಕು.

“ಮುತ್ಯಾ, ಎಣ್ಣಿ ತೀರೇತಂತ.”

“ಮೊನ್ನೆರ ತಂದಿದ್ದಲ್ಲ? ನಿಮ್ಮವ್ವ ದೀಪಕ್ಕ ಹಾಕ್ತಾಳೋ, ಎಮ್ಮಿಗೆ ಕುಡಸ್ತಾಳೋ, ಕೇಳಿ ಬಾ.”

ಹೀಗೆ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಒಯ್ಯುವುದು ನನ್ನ ಕೆಲಸ. ಅವ್ವನ ಬಾಯಿ ನಾನೇ ಎಂದು ನನಗೆ ಸಣ್ಣದೊಂದು ಜಂಬವೂ ಇತ್ತು.

ಮಲ್ಲಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ನಡುವೆ ಹುಟ್ಟಿದವರು ಉಳಿಯಲಿಲ್ಲ. ಅದು ಎರಡನೇ ಮಹಾಯುದ್ಧದ ಕಾಲ, ನಮ್ಮವರ ಬಾಯಲ್ಲಿ ಲಡಾಯಿ. ಸೊಲ್ಲಾಪುರದ ಬಟ್ಟೆ ಗಿರಣಿಗಳು ಹಗಲೂ ರಾತ್ರಿ ನಡೆಯುತ್ತಿದ್ದವು, ಹೋದವನಿಗೆಲ್ಲ ಕೆಲಸ ಸಿಗುತ್ತಿತ್ತು. ಅಣ್ಣ ಎರಡು ವರ್ಷ ಅಲ್ಲಿ ಮಗ್ಗದ ಮುಂದೆ ನಿಂತ. ದಸರೆಯಾದ ಮೇಲೆ ಒಂದು ಮಧ್ಯಾಹ್ನ, ಬರುತ್ತೇನೆಂಬ ಸುದ್ದಿಯೂ ಇಲ್ಲದೆ ಬಂದು ಬಾಗಿಲಲ್ಲಿ ನಿಂತ. “ಯಪ್ಪಾ, ಬಂದ್ಯಾ?” ಎಂದು ಅವ್ವ ಕಾಲಿಗೆ ನೀರು ತಂದುಕೊಟ್ಟಳು. ಅವನು ಕಾಲು ತೊಳೆಯಲಿಲ್ಲ, ಚರಿಗೆ ಹಿಡಿದುಕೊಂಡು ಹಾಗೇ ನಿಂತಿದ್ದ. ಆಮೇಲೆ ಹಿತ್ತಿಲಿಗೆ ಹೋಗಿ ಹೊಟ್ಟಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಅಲ್ಲೇ ಉಳಿದುಬಿಟ್ಟ. ಬೀಸುವ ಕಲ್ಲಿನ ಸಪ್ಪಳ ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಸೊಲ್ಲಾಪುರದಲ್ಲಿ ಏನಾಯಿತೆಂದು ಅಪ್ಪ ಬೈದು ಕೇಳಿದ, ರಮಿಸಿ ಕೇಳಿದ. “ಏನಿಲ್ಲ” ಎಂಬುದೊಂದೇ ಉತ್ತರ. ಅದು ನಿಜವೇ ಇದ್ದೀತು. ಮನುಷ್ಯ ಕುಸಿಯಬೇಕಾದರೆ ದೊಡ್ಡದೊಂದು ಸಂಗತಿ ನಡೆಯಲೇಬೇಕೆಂದಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಈಗ ವಿಜಾಪುರದ ದವಾಖಾನೆಗಳಲ್ಲಿ ಇದಕ್ಕೆಂದೇ ಡಾಕ್ಟರರಿದ್ದಾರೆ, ಗುಳಿಗೆಗಳಿವೆ. ಆಗ ನಮ್ಮ ಮನೆಯಲ್ಲಿ ಇದಕ್ಕೆ ಎರಡೇ ಹೆಸರಿದ್ದವು. ಅಪ್ಪ ಇದನ್ನು ಸೋಗು ಎಂದ. ದುಡಿಯಲು ಮನಸ್ಸಿಲ್ಲದವನು ಹೂಡಿದ ಆಟ ಎಂದು ಅವನ ತಿಳುವಳಿಕೆ. ಮುತ್ಯಾ ಇದನ್ನು ಗಾಳಿ ಎಂದ. ಸೊಲ್ಲಾಪುರದ ದಾರಿಯಲ್ಲಿ ಯಾವುದೋ ಗಾಳಿ ಮೆಟ್ಟಿದೆ, ಕನಮಡಿಯ ಆಚೆ ಶರಣರೊಬ್ಬರ ಸಮಾಧಿಯ ಗದ್ದುಗೆ ಇದೆ, ಇಂಥವರನ್ನು ಅಲ್ಲಿ ಬಿಟ್ಟರೆ ಬಿಡಿಸಿ ಕಳಿಸುತ್ತಾರೆ ಎಂದ. ಅಲ್ಲಿ ಹೇಗೆ ಬಿಡಿಸುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಕಂಬಕ್ಕೆ ಕಟ್ಟುತ್ತಿದ್ದರು. ಅವ್ವ ಈ ಎರಡೂ ಹೆಸರನ್ನು ಒಪ್ಪಲಿಲ್ಲ. ಅವಳು ಶಾಲೆಯ ಮುಖ ಕಂಡವಳಲ್ಲ, ಇದನ್ನು ಎಲ್ಲಿ ಕಲಿತಳೋ ನನಗೆ ಗೊತ್ತಿಲ್ಲ. ರೊಟ್ಟಿ ಬಡಿಯುತ್ತ ನನಗೆ ಹೇಳಿದ್ದು ಮಾತ್ರ ನೆನಪಿದೆ:

“ಮೈ ದಣದ್ರ ಮಕ್ಕೊಂಡ್ರ ಹೋಗತೈತಿ. ಮನಸ ದಣದ್ರ ಮಕ್ಕೊಂಡಷ್ಟೂ ಹೆಚ್ಚಾಗತೈತಿ. ಅವನ್ನ ಒಬ್ಬನ್ನ ಬಿಡಬಾರ್ದು, ತಿಳೀತಿಲ್ಲ?”

ಆ ದಿನವೇ ಬಾಗಿಲ ಮರೆಯಲ್ಲಿ ನಿಂತು, ನನ್ನ ಬಾಯಿಂದ ಮುತ್ಯಾನ ಕೂಡ ಮಾತು ಮಾಡಿಕೊಂಡಳು.

“ನೀಲಾ, ರಾಶಿ ಮುಗಿಯೂತನಾ ಮಲ್ಲೂನ್ನ ನನ್ನ ಕೈಗೆ ಬಿಡ್ರಿ ಅಂತ ಹೇಳ. ಅಷ್ಟರಾಗ ಆರಾಮ ಆಗಲಿಲ್ಲಂದ್ರ ನೀವು ಹೇಳಿದಂಗ.”

ನಾನು ಹೇಳಿದೆ. ಮುತ್ಯಾ ಬಾಯೊಳಗಿನ ತಂಬಾಕನ್ನು ಒಂದು ಕಡೆಗೆ ಸರಿಸಿ, “ಆತು. ರಾಶಿ ಆದ ಮ್ಯಾಲ ನನಗ ಅಡ್ಡ ಬರಬ್ಯಾಡ ಅನ್ನ,” ಎಂದ.

ಅವ್ವನ ಉಪಚಾರದಲ್ಲಿ ಔಷಧ ಏನೂ ಇರಲಿಲ್ಲ. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಅಣ್ಣನನ್ನು ಹೊಟ್ಟಿನ ಕೋಣೆಯಿಂದ ಎಬ್ಬಿಸಿ ಹಿತ್ತಿಲ ಕಟ್ಟೆಗೆ ಕೂರಿಸಿ ಒಂದು ಬಟ್ಟಲು ಅಂಬಲಿ ಕುಡಿಸುತ್ತಿದ್ದಳು. ಮುಂದೆ ಪುಂಡಿಯ ನಾರು ಹಾಕುತ್ತಿದ್ದಳು, ಸಂಜೆಯೊಳಗೆ ಹಗ್ಗ ಹೊಸೆದು ಕೊಡಬೇಕು. ಸಂಜೆ ಆ ಹಗ್ಗವನ್ನು ಎಳೆದು ನೋಡಿ, “ಇಲ್ಲಿ ಸಡ್ಲ ಆಗೇತಿ ನೋಡಪಾ, ನಾಳಿಗೆ ಬಿಗಿ ಮಾಡು,” ಎನ್ನುತ್ತಿದ್ದಳು. ಪಾಪ, ಚೆನ್ನಾಗಿದೆ ಎಂದು ಯಾಕೆ ಅನ್ನುವುದಿಲ್ಲ ಎಂದು ನಾನು ಕೇಳಿದರೆ, “ಚಲೋ ಐತಿ ಅಂದ್ರ ಕೆಲಸ ಮುಗೀತು. ಸಡ್ಲ ಐತಿ ಅಂದ್ರ ನಾಳೆ ಒಂದ ಐತಿ ಅಂತ ಅವಗ ಗೊತ್ತಾಗತೈತಿ,” ಎಂದಳು. ಇನ್ನು ಊಟ. ಮಧ್ಯಾಹ್ನ ಅವಳು ಹೊಲಕ್ಕೆ ಬುತ್ತಿ ಒಯ್ಯಬೇಕು, ಸಂಜೆ ಗಂಡಸರಿಗೆ ಬಡಿಸಲು ಅಡಿಗೆಮನೆಯಲ್ಲಿರಬೇಕು. ಆದ್ದರಿಂದ ಎರಡು ಹೊತ್ತೂ ಅಣ್ಣನ ಜೊತೆ ಉಣ್ಣುವ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಬೇರೆ ತಾಟು ಇಡಬಾರದು, ಒಂದೇ ಗಂಗಾಳ. ನಾನು ಮುರಿದ ರೊಟ್ಟಿಯನ್ನೇ ಅವನೂ ಮುರಿಯಬೇಕು. ಅವನು ಮಾತಾಡದಿದ್ದರೆ ನಾನು ಮಾತಾಡುತ್ತಿರಬೇಕು. ಏನು ಮಾತಾಡಲಿ ಎಂದರೆ, “ನಿನಗ ಮಾತಿಗೇನ ಬರಗಾಲ ಐತಿ? ಅಂಗಳದಾಗಿನ ಕೋಳಿ ಸುದ್ದಿ ಹೇಳ,” ಎಂದಳು.

ಮೊದಲೊಂದು ತಿಂಗಳು ನಾನು ಆ ಕೆಲಸವನ್ನು ನೆಟ್ಟಗೆ ಮಾಡಿದೆ. ಅಣ್ಣ ಗಂಗಾಳದ ಮುಂದೆ ಕೂತು ಸುಮ್ಮನೆ ನೋಡುತ್ತಿದ್ದ. ನಾನು ನಾಲ್ಕು ತುತ್ತು ತಿಂದ ಮೇಲೆ, ಮರೆತವನ ಹಾಗೆ ಅವನ ಕೈಯೂ ರೊಟ್ಟಿಗೆ ಬರುತ್ತಿತ್ತು. ಮೊದಲು ಕಾಲು ರೊಟ್ಟಿ, ಆಮೇಲೆ ಅರ್ಧ, ಹೀಗೆ ಒಂದಕ್ಕೆ ಬಂತು. ಒಂದು ದಿನ ನಾನು ಹಸಿ ಉಳ್ಳಾಗಡ್ಡೆ ಕಚ್ಚುತ್ತ ಕೋಳಿಯ ಸುದ್ದಿ ಹೇಳುತ್ತಿದ್ದಾಗ ಅವನು ತಲೆ ಎತ್ತಿ ಅಂದ:

“ಏ ನೀಲಿ, ಎಷ್ಟ ಸಪ್ಪಳ ಮಾಡ್ತಿಯಬೇ ಬಾಯಿ. ಗಿರಣಿ ಬಾಜೂಕ ಕುಂತಂಗ ಆಗೇತಿ.”

ಬಂದ ಮೇಲೆ ಗಿರಣಿ ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ನಾನು ಊಟ ಬಿಟ್ಟು ಓಡಿಹೋಗಿ ಅವ್ವನಿಗೆ ಹೇಳಿದೆ. ಅವಳು ನನ್ನ ಕಡೆಯಿಂದ ಅದನ್ನು ಎರಡು ಸಲ ಹೇಳಿಸಿದಳು. ಆಮೇಲೆ ಬಾಗಿಲ ಮರೆಗೆ ಹೋಗಿ, “ಮುತ್ಯಾಗ ಹೇಳ, ಮಲ್ಲು ಚಾಷ್ಟಿ ಮಾಡಾಕತ್ತಾನಂತ,” ಎಂದಳು. ಆ ಮಾತಿನಲ್ಲಿದ್ದ ಗೆಲುವು ನನಗೆ ಇನ್ನೂ ಕೇಳಿಸುತ್ತದೆ.

ಕೆಡುಕು ಶುರುವಾದದ್ದು ಗಜ್ಜುಗದ ಆಟದಿಂದ. ಬಾಜೂ ಮನೆಯ ಶಾವಂತ್ರಿ ನನಗಿಂತ ಎರಡು ವರ್ಷ ದೊಡ್ಡವಳು, ಮಧ್ಯಾಹ್ನ ಅವರ ಕಟ್ಟೆಯ ಮೇಲೆ ಓಣಿಯ ಹುಡುಗಿಯರೆಲ್ಲ ಗಜ್ಜುಗ ಆಡುತ್ತಿದ್ದರು. ನಾನು ಹೋಗಿ ಕೂತೆ. ಶಾವಂತ್ರಿ ಗಜ್ಜುಗಗಳನ್ನು ಉಡಿಯಲ್ಲಿ ಬಾಚಿಕೊಂಡಳು.

“ಹುಚ್ಚನ ಎಂಜಲಾ ತಿನ್ನಾಕಿ ಕೂಡ ನಾವು ಆಡಾಂಗಿಲ್ಲ.”

“ನಮ್ಮಣ್ಣ ಹುಚ್ಚ ಅಲ್ಲ.”

“ಅಲ್ಲಂದ್ರ ಹೊಟ್ಟಿನ ಕೋಣ್ಯಾಗ ಯಾಕ ಇರ್ತಾನ? ಎಂಜಲದಾಗ ಗಾಳಿ ದಾಟತೈತಿ ಬೇ, ನಮ್ಮವ್ವ ಹೇಳ್ಯಾಳ. ನಾಳೆ ನಿನ್ನ ಯಾರು ಮಾಡ್ಕೋತಾರ? ಅಣ್ಣಾ ತಂಗಿ ಇಬ್ಬರೂ ಹೊಟ್ಟಿನ್ಯಾಗ ಕುಂತು ಹಗ್ಗಾ ಹೊಸಕೋತ ಇರ್ರಿ.”

ಎಲ್ಲರೂ ನಕ್ಕರು. ಆ ದಿನ ನಾನು ಗಂಗಾಳ ಒಯ್ದು ಅಣ್ಣನ ಮುಂದಿಟ್ಟು ನಿಂತುಕೊಂಡೆ. ಅವನು ನನ್ನನ್ನು ನೋಡಿ, “ನೀ?” ಎಂದ. “ನಾ ಆಗಳೇ ಉಂಡೇನಿ, ನೀ ಉಣ್ಣು,” ಎಂದು ಬಾಗಿಲು ದಾಟಿ ಹೊರಟೆ. ನನ್ನ ಪಾಲಿನ ರೊಟ್ಟಿಯನ್ನು ಮೊದಲೇ ಹಿತ್ತಿಲ ಬಾಗಿಲಲ್ಲಿ ನಿಂತು ತಿಂದಿದ್ದೆ. ಶಾವಂತ್ರಿಯ ಕಟ್ಟೆಗೆ ಹೋಗಿ, ನಾನು ಇನ್ನು ಅವನ ಗಂಗಾಳದಲ್ಲಿ ಉಣ್ಣುವುದಿಲ್ಲ ಎಂದು ಆಣೆ ಮಾಡಿ ಆಟಕ್ಕೆ ಸೇರಿದೆ. ತಿರುಗಿ ಬಂದಾಗ ಗಂಗಾಳ ಇಟ್ಟಲ್ಲೇ ಇತ್ತು, ಇಟ್ಟ ಹಾಗೇ ಇತ್ತು. ರೊಟ್ಟಿ ಒಣಗಿ ಅಂಚು ಮೇಲಕ್ಕೆದ್ದಿತ್ತು. ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದ. ರೊಟ್ಟಿ ಎರಡನ್ನೂ ಎಮ್ಮೆಗೆ ಹಾಕಿ, ಗಂಗಾಳ ತೊಳೆದೆ. ಅವ್ವ ಹೊಲದಿಂದ ಬಂದವಳು ತಲೆಯ ಮೇಲಿನ ಬುಟ್ಟಿ ಇಳಿಸುವ ಮೊದಲೇ ಕೇಳಿದಳು:

“ಉಂಡಾನ?”

“ಉಂಡಾನ.”

“ಎಷ್ಟ?”

“ಎರಡ ರೊಟ್ಟಿ ಉಂಡಾನ.”

ಒಂದು ಎಂದಿದ್ದರೂ ಸಾಕಿತ್ತು. ಎರಡು ಎಂದೆ. ಅವಳ ಮುಖ ಅರಳಿತು. ಅದನ್ನು ನೋಡಿದ ಮೇಲೆ ಮರುದಿನ ನಿಜ ಹೇಳುವುದು ಹೇಗೆ? ಮರುದಿನವೂ ಎರಡೇ. ಸಂಜೆ ಒಂದೊಂದು ದಿನ ಅವನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಿರುತ್ತಿದ್ದ, ಮಿಕ್ಕದ್ದು ಎಮ್ಮೆಗೆ. ಅವ್ವ ಬರೀ ಲೆಕ್ಕ ಕೇಳಿ ಬಿಡುತ್ತಿರಲಿಲ್ಲ, “ಏನರ ಮಾತಾಡಿದ್ನ?” ಎಂದೂ ಕೇಳುತ್ತಿದ್ದಳು. ಒಂದು ದಿನ, ಬದನೆಕಾಯಿ ಚಲೋ ಆಗೇತಿ ಅಂದ ಎಂದೆ. ಮರುದಿನ ಅವ್ವ ಮತ್ತೆ ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಲಡಾಯಿಯ ಕಾಲದಲ್ಲಿ ಎಣ್ಣೆ ಸಿಗುವುದೇ ಕಷ್ಟ, ಮುತ್ಯಾನ ಬೈಗಳು ಕೇಳಿಸಿಕೊಂಡು ಮಾಡಿದಳು. ನಾನು ಅದನ್ನೂ ಎಮ್ಮೆಯ ಮುಂದೆ ಸುರಿದೆ. ಎಮ್ಮೆ ಖಾರಕ್ಕೆ ಮೂತಿ ಕೊಡವಿತು, ಆದರೆ ತಿಂದಿತು. ಅಣ್ಣನ ಕೈಯ ಹಗ್ಗ ಆಗ ದಿನದಿನಕ್ಕೆ ಗಿಡ್ಡವಾಗುತ್ತ ಬಂದಿತ್ತು. ಅವ್ವ ಅದನ್ನು ನೋಡಿ, “ಹೊಟ್ಟಿ ತುಂಬಿದವಗ ಆಲಸ್ಯಾನೂ ಬರತೈತಿ, ಬರಲಿ ಬಿಡ,” ಎನ್ನುತ್ತಿದ್ದಳು. ನನ್ನ ಸುಳ್ಳನ್ನು ನಂಬಿ ತನ್ನ ಕಣ್ಣನ್ನೇ ಸುಳ್ಳು ಮಾಡಿಕೊಂಡಳು.

ರಾಶಿಯ ದಿನ ಬಂತು. ಎರಡೆರಡು ರೊಟ್ಟಿ ಉಣ್ಣುವ ಮಗ ಕೆಲಸಕ್ಕೆ ನಿಂತನೆಂಬ ಸುದ್ದಿ ಮುತ್ಯಾನ ಕಿವಿಗೆ ಬೀಳಬೇಕೆಂದು ಅವ್ವನಿಗೆ ಹಟ. ಅಣ್ಣನಿಗೆ ತಲೆಗೆ ರುಮಾಲು ಕಟ್ಟಿಸಿ, ತೆನೆ ತುಳಿಸುವ ಎತ್ತುಗಳ ಹಿಂದೆ ನಡೆಯಲು ಕಣಕ್ಕೆ ಕಳಿಸಿದಳು. ನಾನೂ ಹೋಗಿದ್ದೆ. ಅವನು ಎಂಟೋ ಹತ್ತೋ ಸುತ್ತು ಬಂದ. ಆಮೇಲೆ ಕೂತುಕೊಂಡ, ಕೂತವನು ತೆನೆಗಳ ಮೇಲೆ ಮಗ್ಗುಲಾಗಿ ಬಿದ್ದ. ಎತ್ತುಗಳು ತಾವೇ ನಿಂತವು. ಅಪ್ಪ ಮತ್ತು ಇನ್ನಿಬ್ಬರು ಅವನನ್ನು ಎತ್ತಿ ಚಕ್ಕಡಿಯಲ್ಲಿ ಹಾಕಿಕೊಂಡು ಮನೆಗೆ ತಂದು ಪಡಸಾಲೆಯಲ್ಲಿ ಮಲಗಿಸಿದರು. ಅವ್ವ ಎಲ್ಲ ರೂಢಿ ಮರೆತು ಮುತ್ಯಾನ ಎದುರಿಗೇ ಹೊರಗೆ ಬಂದಳು. ಅವನ ಮುಖಕ್ಕೆ ನೀರು ಹಾಕಿ, ಅಂಗಿ ಬಿಚ್ಚಿದಳು. ಪಕ್ಕೆಲುಬು ಒಂದೊಂದೂ ಕಾಣುತ್ತಿದ್ದವು.

“ನೀಲಾ, ಇವತ್ತ ಉಂಡಿದ್ನಿಲ್ಲ?”

“ಉಂಡಾನ.”

“ನಿನ್ನೆ?”

“ಎರಡ ರೊಟ್ಟಿ ಉಂಡಾನ.”

ಅವ್ವ ಅಣ್ಣನ ಕಡೆ ತಿರುಗಿದಳು. ಅವನು ಕಣ್ಣು ತೆರೆದಿದ್ದ, ನನ್ನನ್ನೇ ನೋಡುತ್ತಿದ್ದ. ಈಗ ಹೇಳುತ್ತಾನೆ ಎಂದುಕೊಂಡೆ. ಒಂದು ಲೆಕ್ಕಕ್ಕೆ ಹೇಳಲಿ ಎಂದೂ ಅನ್ನಿಸಿತ್ತು.

“ಖರೇನ ಯಪ್ಪಾ? ದಿನಾ ಉಂಡೀಯಿಲ್ಲ ನೀನು?”

“ಹೂಂ,” ಎಂದ ಅಣ್ಣ. “ಉಂಡೇನಿ.”

ಉಂಡದ್ದು ಮೈಗೆ ಹತ್ತದಿದ್ದರೆ ಅದನ್ನು ಒಳಗಿನ ಗಾಳಿ ಉಣ್ಣುತ್ತಿದೆ ಎಂದು ನಮ್ಮ ಕಡೆ ನಂಬಿಕೆ. ಅಷ್ಟು ದಿನ ಆ ಮಾತಿಗೆ ಬೆನ್ನು ತಿರುಗಿಸಿದ್ದ ಅವ್ವ ಆ ಹೊತ್ತಿಗೆ ಸೋತಳು. ಉಣ್ಣದವನಾಗಿದ್ದರೆ ಉಣಿಸುವ ದಾರಿ ಹುಡುಕುತ್ತಿದ್ದಳು. ಎರಡು ತಿಂಗಳು ಹೊಟ್ಟೆ ತುಂಬ ಉಂಡು ಹೀಗಾದವನಿಗೆ ಅವಳ ಕೈಯಲ್ಲಿ ಏನೂ ಇರಲಿಲ್ಲ. ಎದ್ದು ಬಾಗಿಲ ಮರೆಗೆ ಹೋದಳು. ಸೆರಗು ಸರಿಮಾಡಿಕೊಂಡಳು.

“ನೀಲಾ, ಮುತ್ಯಾಗ ಹೇಳ. ಉಂಡದ್ದು ಮೈಗೆ ಹತ್ತವಲ್ದು. ನನ್ನ ಕೈಲೆ ಆಗಲಿಲ್ಲ. ಅವರು ಹೇಳಿದಂಗ ಆಗಲಿ.”

ಎಲ್ಲರೂ ಕೇಳಿದ್ದರು. ಆದರೂ ಎಲ್ಲರೂ ನನ್ನ ಕಡೆ ನೋಡಿದರು. ನಾನು ನಾಲ್ಕು ಹೆಜ್ಜೆ ಹೋಗಿ ಮುತ್ಯಾನ ಮುಂದೆ ನಿಂತು ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ.

ಮೂರನೆಯ ದಿನ ಅಪ್ಪ ಚಕ್ಕಡಿ ಹೂಡಿ ಅಣ್ಣನನ್ನು ಕನಮಡಿಯ ಆಚೆಯ ಗದ್ದುಗೆಗೆ ಒಯ್ದು ಬಿಟ್ಟು ಬಂದ. ನಡುವೆ ಒಂದು ಸಲ ನೋಡಲು ಹೋಗಿ ಬಂದವನು, “ಕಂಬಕ್ಕ ಕಟ್ಯಾರ. ಆರಾಮ ಆಕ್ಕಾನ ಅಂದಾರ,” ಎಂದಷ್ಟೇ ಹೇಳಿ ಎತ್ತುಗಳಿಗೆ ನೀರು ಕುಡಿಸಲು ಹೋದ. ಅವತ್ತಿನಿಂದ ಅಪ್ಪ ಸೋಗು ಎಂಬ ಮಾತನ್ನು ಆಡಲಿಲ್ಲ. ಮುಂಗಾರು ಹತ್ತಿದ ಮೇಲೆ ಅಣ್ಣನನ್ನು ತಿರುಗಿ ಕರೆತಂದರು. ಎಡಗಾಲಿನ ಹರಡಿನ ಸುತ್ತ ಹಗ್ಗ ತಿಂದ ಗಾಯ ಇತ್ತು. ಮೊದಲು ಸುಮ್ಮನಿರುತ್ತಿದ್ದವನು ಈಗ ಯಾರಾದರೂ ಹತ್ತಿರ ಬಂದರೆ ಕಾಲು ಮಡಚಿಕೊಳ್ಳುತ್ತಿದ್ದ.

ಆ ವರ್ಷ ಪಂಚಮಿಗೆ ಅವ್ವನನ್ನು ತವರಿಗೆ ಕರೆಯಲು ಬಬಲೇಶ್ವರದಿಂದ ಸೋದರಮಾವ ಬಂದ. ಅಳಿಯನನ್ನು ನೋಡಿದವನು ನೀರೂ ಕುಡಿಯಲಿಲ್ಲ. “ಅಕ್ಕನ್ನ ಕರ್ಯಾಕ ಬಂದೀನಿ, ಇವನ್ನೂ ಒಯ್ತೀನ್ರಿ,” ಎಂದ. ಮುತ್ಯಾನೂ ಬೇಡವೆನ್ನಲಿಲ್ಲ. ಹಬ್ಬ ಮುಗಿದ ಮೇಲೆ ಅವ್ವ ತಿರುಗಿ ಬಂದಳು, ಅಣ್ಣ ಅಲ್ಲೇ ಉಳಿದ. ಅಲ್ಲಿ ಅತ್ತೆ ಅವನಿಗೆ ವಿಶೇಷವಾದದ್ದನ್ನೇನೂ ಮಾಡಲಿಲ್ಲ. ತನ್ನ ಮೂರು ಮಕ್ಕಳ ನಡುವೆ ಅವನನ್ನು ಕೂರಿಸಿ ನಾಲ್ವರಿಗೂ ಒಂದೇ ಗಂಗಾಳದಲ್ಲಿ ಹಾಕಿದಳು. ಆ ಹುಡುಗರು ಕಸಿದುಕೊಂಡು ಉಣ್ಣುವವರು, ಅವನೂ ಕಸಿದುಕೊಳ್ಳಲು ಕಲಿತ. ಮರುವರ್ಷದ ಪಂಚಮಿಗೆ ನಾವು ಹೋದಾಗ ಎತ್ತಿನ ಮೈ ತಿಕ್ಕುತ್ತ ನಿಂತಿದ್ದ. ಮೈ ತುಂಬಿತ್ತು. ಮುಂದೆ ಜೈನಾಪುರದ ಹೆಣ್ಣು ತಂದು ಮದುವೆ ಮಾಡಿದರು, ಅಲ್ಲೇ ಹೊಲಮನೆ ಮಾಡಿಕೊಂಡು ಬಾಳಿದ. ನಡುನಡುವೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮಂಕಾಗುತ್ತಿದ್ದ. ಆಗ ಅವನ ಹೆಂಡತಿ ಅವನನ್ನು ಒಬ್ಬನೇ ಬಿಡುತ್ತಿರಲಿಲ್ಲ, ಅಷ್ಟರಲ್ಲಿ ದಾಟುತ್ತಿತ್ತು.

ಅವ್ವ ಇದನ್ನೆಲ್ಲ ನೋಡಿ ಸಂತೋಷಪಟ್ಟಳು, ಆದರೆ ಬೇರೆಯದೇ ಒಂದು ಅರ್ಥ ಮಾಡಿಕೊಂಡಳು. “ಅವರತ್ತಿ ಕೈಗುಣ ಚಲೋ ಐತಿ. ನನ್ನ ಕೈಗುಣಾನ ಇಲ್ಲ,” ಎಂದಳು. ಒಮ್ಮೆ ಬೇಸರಕ್ಕೆ ಆಡಿದ ಮಾತಲ್ಲ ಅದು, ಸಾಯುವವರೆಗೂ ಹಾಗೇ ನಂಬಿದಳು. ಓಣಿಯಲ್ಲಿ ಯಾರ ಮಗುವಿಗೆ ಜ್ವರ ಬಂದರೂ ಓಡುತ್ತಿದ್ದವಳು ಓಡುವುದನ್ನು ಬಿಟ್ಟಳು. ನನ್ನನ್ನು ವಿಜಾಪುರದ ಕಿರಾಣಿ ಅಂಗಡಿಯವರ ಮನೆಗೆ ಕೊಟ್ಟಿದ್ದರು. ನನ್ನ ಮೊದಲ ಕೂಸು ಹಾಲು ಕುಡಿಯದೆ ಹಟ ಮಾಡುತ್ತಿದ್ದಾಗ, ನೀ ಒಂದು ಸಲ ಕುಡಿಸಿ ನೋಡವ್ವ ಎಂದು ಅವಳ ತೊಡೆಯ ಮೇಲೆ ಹಾಕಿದೆ. ಅವಳು ಕೂಸನ್ನು ಎತ್ತಿ ನನಗೇ ತಿರುಗಿ ಕೊಟ್ಟು, “ನನ್ನ ಕೈಲೆ ಬ್ಯಾಡ ತಂಗಿ. ನೀನ ಕುಡಸು,” ಎಂದಳು. ಆಗ ಹೇಳಬೇಕಿತ್ತು. ಬಾಯಿ ತೆರೆದೆ. “ಅವ್ವಾ, ಒಂದ ಮಾತ...” ಎಂದೆ. “ಹೇಳ,” ಎಂದು ಅವಳು ನನ್ನ ಮುಖ ನೋಡಿದಳು. “ಹಾಲು ಆರೇತೇನೋ,” ಎಂದೆ. ಅದಾದ ಮೇಲೆ ಅವಳು ಎಂಟು ವರ್ಷ ಇದ್ದಳು. ಎಂಟು ವರ್ಷದಲ್ಲಿ ಎಷ್ಟು ಸಲ ತಿಕೋಟಾಕ್ಕೆ ಹೋದೆನೋ, ಪ್ರತಿ ಸಲವೂ ಹಾಲಿನಂಥದ್ದೇ ಏನೋ ಒಂದು ಸಿಕ್ಕಿತು.

ನನ್ನ ಮನೆಯಲ್ಲಿ ಯಾರಾದರೂ ಮಂಕಾಗಿ ಕೂತರೆ ಅವರು ಉಂಡರೋ ಇಲ್ಲವೋ ಎಂದು ನಾನು ಇನ್ನೊಬ್ಬರನ್ನು ಕೇಳುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ನಾನೇ ಹೋಗಿ ಎದುರಿಗೆ ಕೂರುತ್ತೇನೆ. ಇದನ್ನು ಕಂಡು ನನ್ನ ಸೊಸೆಯಂದಿರು, ನಮ್ಮ ಅತ್ತಿಯಂಥಾಕಿ ಯಾರಿಗೂ ಸಿಗಂಗಿಲ್ಲ ಎಂದು ಬಂದವರ ಮುಂದೆ ಹೊಗಳುತ್ತಾರೆ. ನನಗೆ ಅಲ್ಲಿಂದ ಎದ್ದು ಹೋಗುವಂತಾಗುತ್ತದೆ.

ಅವ್ವ ಹೋದ ಮೇಲೆ ಇದನ್ನು ಕೇಳಿಸಿಕೊಳ್ಳಬೇಕಾದವನು ಅಣ್ಣನೊಬ್ಬನೇ ಉಳಿದ. ಅವನ ಮೊಮ್ಮಗಳ ತೊಟ್ಟಿಲಿಗೆ ಬಬಲೇಶ್ವರಕ್ಕೆ ಹೋದವಳು ಮರುದಿನ ವಿಜಾಪುರಕ್ಕೆ ಹೊರಟೆ. ನನ್ನನ್ನು ಕಳಿಸಲು ಅವನು ಬಸ್‌ಸ್ಟ್ಯಾಂಡಿಗೆ ಬಂದ. ಬೆಳಗಿನ ಹೊತ್ತು, ಸಂತೆಯ ದಿನ, ಕಟ್ಟೆಯ ತುಂಬ ಜನ, ಕಾಯಿಪಲ್ಲೆಯ ಬುಟ್ಟಿಗಳು. ಇಬ್ಬರಿಗೂ ಕೂದಲು ನೆರೆತಿತ್ತು. ಈ ಸಲವೂ ಬಸ್ಸು ಬಂದುಬಿಡುತ್ತದೆ ಎಂದು ನನಗೆ ಒಮ್ಮೆಲೇ ಭಯವಾಯಿತು.

“ಅಣ್ಣಾ, ರಾಶಿ ದಿನ ಅವ್ವ ನಿನ್ನ ಕೇಳಿದ್ಲು, ದಿನಾ ಉಂಡೀಯಿಲ್ಲ ಅಂತ. ನೀ ಯಾಕ ಹೂಂ ಅಂದಿ?”

ಅವನು ನನ್ನ ಚೀಲದ ಸಡಿಲಾದ ದಾರವನ್ನು ಬಿಗಿದು ಕಟ್ಟಿದ. ಮರೆತಿದ್ದಾನೋ ಏನೋ ಎಂದುಕೊಂಡೆ.

“ನೀ ನಡಗಾಕತ್ತಿದ್ದಿ,” ಎಂದ. “ಸಣ್ಣಾಕಿ. ಇಲ್ಲ ಅಂದಿದ್ರ ಅಪ್ಪ ನಿನ್ನ ಅಲ್ಲೇ ಬಡಿದು ಹಾಕ್ತಿದ್ದ.”

“ಹೂಂ ಅಂದದ್ದಕ್ಕ ನಿನ್ನ ಕಂಬಕ್ಕ ಕಟ್ಟಿದ್ರಲ್ಲೋ.”

“ಅದು ಆಗ ಗೊತ್ತಿತ್ತೇನ?” ಎಂದು ಅವನು ಎದ್ದು ನನ್ನ ಚೀಲ ಕೈಗೆ ತೆಗೆದುಕೊಂಡ. “ನಿನ್ನ ಬಸ್ಸ ಬಂತು ನೋಡ. ಏಳ. ಸೀಟ ಸಿಗಾಂಗಿಲ್ಲ ಆಮ್ಯಾಲ.”

ಜನ ನುಗ್ಗಿದರು. ನಾನು ಏಳಲಿಲ್ಲ. ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿದೆ. ಬಸ್ಸಿನ ಸಪ್ಪಳಕ್ಕೆ ದನಿ ಎತ್ತರಿಸಬೇಕಾಯಿತು, ಬುಟ್ಟಿಯವರೆಲ್ಲ ತಿರುಗಿ ನೋಡಿದರು.

“ಅಣ್ಣಾ, ತಪ್ಪಾತು. ನಿನ್ನ ಕೂಡ ನಾ ಉಣ್ಣಲಿಲ್ಲ, ಉಂಡಾನ ಅಂತ ಸುಳ್ಳ ಹೇಳಿದ್ನಿ. ಅವ್ವನ ಕೈಗುಣ ಚಲೋನ ಇತ್ತೋ ಅಣ್ಣಾ. ಕೆಡಿಸಿದಾಕಿ ನಾನು.”